ಪಿಕಳಾರ ಎರಡು, ಮಾವು ಒಂದೇ!

ಪ್ರಶ್ನೆ: ನಮ್ಮ ಹಿತ್ತಿಲಿಗೆ ಎರಡು ಬಗೆಯ ಪಿಕಳಾರ (ಬುಲ್‌ಬುಲ್ ಹಕ್ಕಿ) ಬರುತ್ತವೆ. ಬಾಲದ ಬುಡದಲ್ಲಿ ಎರಡಕ್ಕೂ ಕೆಂಪು. ಒಂದಕ್ಕೆ ಚೂಪು ಜುಟ್ಟು, ಕೆನ್ನೆಯ ಮೇಲೊಂದು ಕೆಂಪು ಬೊಟ್ಟು, ಅಷ್ಟೇ. ಇವು ಬೇರೆ ಬೇರೆ ಪ್ರಭೇದವಂತೆ. ಅದೇ ಹಿತ್ತಿಲಿನ ರಸಪುರಿ, ತೋತಾಪುರಿಗಳ ರುಚಿ, ಆಕಾರ ಯಾವುದೂ ಒಂದಲ್ಲ, ಅವು ಮಾತ್ರ ಒಂದೇ ಪ್ರಭೇದ! ಇದ್ಯಾವ ನ್ಯಾಯ ಸ್ವಾಮಿ?
– ಓದುಗರು, ರಾಮನಗರ

ಉತ್ತರ: ನಿಮ್ಮ ಜಗಳ ಸರಿಯಾಗಿಯೇ ಇದೆ. ಆದರೆ ನೋಟ ನಂಬಿದರೆ ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಲಿನೇಯಸ್‌ನಂಥವನೂ ಎಡವುತ್ತಾನೆ. ನಿಮ್ಮ ಬೊಟ್ಟಿನ ಹಕ್ಕಿಯನ್ನು, ಅಂದರೆ ಕೆಮ್ಮೀಸೆ ಪಿಕಳಾರವನ್ನು, ಅವನು 1758ರಲ್ಲಿ ಕಳಿಂಗ ಹಕ್ಕಿಗಳ ಸಾಲಿಗೆ ಹಾಕಿದ. ಇನ್ನೊಂದನ್ನು, ಅಂದರೆ ಕೆಂಪು ಕಿಬ್ಬೊಟ್ಟೆಯ ಪಿಕಳಾರವನ್ನು, 1766ರಲ್ಲಿ ನೆಲಸಿಳ್ಳಾರಗಳ ಜೊತೆ ಕೂರಿಸಿದ. ಇಂದು ಎರಡೂ ಒಂದೇ ಕುಲದಲ್ಲಿ (ಹತ್ತಿರದ ಪ್ರಭೇದಗಳ ಗುಂಪಿನಲ್ಲಿ) ಇವೆ.

ಪ್ರಭೇದ ಒಂದೋ ಬೇರೆಯೋ ಎಂದು ತಿಳಿಯಲು ನಾವು ನೋಡುವುದು ಯಾವುದು ಯಾವುದರೊಡನೆ ಕೂಡಿ ಸಂತಾನ ಬೆಳೆಸುತ್ತದೆ ಎಂಬುದನ್ನು. ಈ ಎರಡು ಪಿಕಳಾರಗಳು ಒಂದೇ ಮರದ ಹಣ್ಣು ತಿನ್ನುತ್ತವೆ, ಆದರೆ ಜೋಡಿ ಹುಡುಕುವಾಗ ಒಂದು ಇನ್ನೊಂದರತ್ತ ತಿರುಗುವುದು ತೀರ ಅಪರೂಪ. ಕೂಗು ಬೇರೆ, ಜುಟ್ಟು ಬೇರೆ. ನಿಮಗೆ ‘ಅಷ್ಟೇ’ ಅನ್ನಿಸಿದ ಆ ಬೊಟ್ಟು ಹಕ್ಕಿಯ ಕಣ್ಣಿಗೆ ಅಷ್ಟೇ ಅಲ್ಲ.

ಮಾವಿಗೆ ಇಂಥ ಆಯ್ಕೆಯೇ ಇಲ್ಲ. ತೋತಾಪುರಿಯ ಪರಾಗವನ್ನು ನೊಣವೊಂದು ರಸಪುರಿ ಹೂವಿಗೆ ಮುಟ್ಟಿಸಿದರೆ ಕಾಯಿ ಕಟ್ಟುತ್ತದೆ, ಅದರ ವಾಟೆ ಮೊಳೆಯುತ್ತದೆ, ಆ ಗಿಡವೂ ಫಲ ಬಿಡುತ್ತದೆ. ನೀಲಂಗೆ ದಶಹರಿ ಸೇರಿಸಿ ಮಲ್ಲಿಕಾ ತಳಿ ಮಾಡಿದ್ದು ಹೀಗೆಯೇ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಪುನೀತ್ ಕೂಡ ಬಾದಾಮಿ (ಆಲ್ಫಾನ್ಸೊ) ಮತ್ತು ಬಂಗನಪಲ್ಲಿಯ ಕೂಸು.

ಹಾಗಾದರೆ ಇಷ್ಟೊಂದು ತಳಿ ಬೆರೆತುಹೋಗದೆ ಹೇಗೆ ಉಳಿದವು? ಕಸಿ ಚಾಕುವಿನಿಂದ. ಚೆನ್ನಾಗಿ ಬಿಟ್ಟ ಒಂದು ಮರದ ಕುಡಿಯನ್ನು ಯಾರೋ ತಂದು ನಾಟಿ ಗಿಡಕ್ಕೆ ಕಟ್ಟಿದರು, ಅದರಿಂದ ಇನ್ನೊಬ್ಬರು ಕುಡಿ ತಂದರು. ನಿಮ್ಮ ರಸಪುರಿ ಕಸಿ ಗಿಡವಾಗಿದ್ದರೆ ಅದು ಯಾವುದೋ ಹಳೆಯ ಮರದ ಮಗುವಲ್ಲ, ಆ ಮರದ್ದೇ ಇನ್ನೊಂದು ಕೊಂಬೆ. ಅದರ ವಾಟೆ ನೆಟ್ಟು ನೋಡಿ, ಏನು ಬರುತ್ತದೋ ಹೇಳಲಾಗದು. ಹುಳಿ ಮಾವೇ ಬಂದೀತು. ಕರಾವಳಿಯ ಕೆಲವು ತಳಿಗಳಲ್ಲಿ ಒಂದೇ ವಾಟೆಯಿಂದ ಹಲವು ಮೊಳಕೆ ಎದ್ದು ಬಹುಪಾಲು ತಾಯಿಯಂತೆಯೇ ಬೆಳೆಯುವುದುಂಟು. ಆ ಭಾಗ್ಯ ರಸಪುರಿಗಿಲ್ಲ.

ಅಂದಹಾಗೆ, ಚೂಪು ಜುಟ್ಟಿದ್ದೂ ಕೆನ್ನೆಯಲ್ಲಿ ಬೊಟ್ಟಿಲ್ಲದ ಹಕ್ಕಿ ಕಂಡರೆ ಮೂರನೆಯ ಪ್ರಭೇದ ಸಿಕ್ಕಿತೆಂದು ಬರೆಯಬೇಡಿ. ಅದು ಕೆಮ್ಮೀಸೆಯ ಮರಿ. ಮೀಸೆ ಇನ್ನೂ ಮೂಡಿಲ್ಲ.