ಎತ್ತರ ಬೇಡ, ಸಮತಟ್ಟು ಕೇಳಿ

ಬೈಕುಗಳು ಹತ್ತದ ಹಾಗೆ ಬೆಂಗಳೂರಿನ ನಿಮ್ಮ ಬೀದಿಯ ಫುಟ್‌ಪಾತನ್ನು ಒಂದೂವರೆ ಅಡಿ ಎತ್ತರಿಸಲು ಪಾಲಿಕೆಗೆ ಅರ್ಜಿ ಕೊಡೋಣವೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ನಮ್ಮ ಬೀದಿಯವರು ಹಾಗೆ ಮಾಡಿಸಿಯೇ ಕೈಸುಟ್ಟುಕೊಂಡದ್ದು.

ಎತ್ತರಿಸಿದ ಮೇಲೆ ಕಾರು ಒಳಗೆ ಹೋಗಬೇಕಲ್ಲ, ಒಂದೊಂದು ಗೇಟಿನ ಮುಂದೆಯೂ ಇಳಿಜಾರು ಕಡಿದರು. ಇಪ್ಪತ್ತು ಹೆಜ್ಜೆಗೊಮ್ಮೆ ಇಳಿ, ಹತ್ತು. ಮಂಡಿನೋವಿನ ನಮ್ಮತ್ತೆ ಒಂದು ಕೈಲಿ ತರಕಾರಿ ಚೀಲ ಹಿಡಿದು, ಇನ್ನೊಂದನ್ನು ಕಾಂಪೌಂಡ್ ಗೋಡೆಗೆ ಊರಿ ಎರಡು ಮನೆ ದಾಟಿದರು. ಮೂರನೆಯದಕ್ಕೆ ರಸ್ತೆಗೇ ಇಳಿದರು. ಬೈಕಿನವರಿಗೋ ಅದೇ ಇಳಿಜಾರು ರಾಜಮಾರ್ಗ!

ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪಾದಚಾರಿ ಮಾರ್ಗಸೂಚಿಯ ಪ್ರಕಾರ (ಐಆರ್‌ಸಿ 103) ಅಂಚುಗಲ್ಲಿನ ಎತ್ತರ 150 ಮಿ.ಮೀ. ಮೀರಬಾರದು, ಅಂದರೆ ಅರ್ಧ ಅಡಿ. ಕಂಬ, ಟ್ರಾನ್ಸ್‌ಫಾರ್ಮರ್ ಬಿಟ್ಟು ನಡೆಯಲು ಕನಿಷ್ಠ 1.8 ಮೀಟರ್ ಅಗಲ ಸಿಗಬೇಕು. ಅರ್ಜಿಯಲ್ಲಿ ಈ ಎರಡು ಅಂಕಿ ಬರೆಯಿರಿ. ಜೊತೆಗೆ, ಗೇಟಿನ ಮುಂದೆಯೂ ಫುಟ್‌ಪಾತ್ ಅದೇ ಮಟ್ಟದಲ್ಲಿ ಸಾಗಲಿ, ಕಾರೇ ಹತ್ತಿ ಇಳಿಯಲಿ, ಇಳಿಜಾರು ರಸ್ತೆಯಂಚಿನಲ್ಲಷ್ಟೇ ಇರಲಿ ಎಂದೂ ಸೇರಿಸಿ.

ಗೂಟ ನೆಡಿಸಿದರೆ ಕಾರು ಪಾರ್ಕಿಂಗ್ ನಿಲ್ಲುತ್ತದೆ. ಆದರೆ ಗಾಲಿಕುರ್ಚಿ ತೂರುವ ಸಂದಿಯಲ್ಲಿ ಸ್ಕೂಟರೂ ತೂರುತ್ತದೆ. ಅದಕ್ಕೆ ದಂಡವೇ ಮದ್ದು: ಸಂಚಾರ ಪೊಲೀಸರ ‘ಅಸ್ತ್ರಂ’ ಆ್ಯಪ್‌ನಲ್ಲಿ ನಂಬರ್ ಪ್ಲೇಟ್ ಕಾಣುವ ಫೋಟೊ ಹಾಕಿ. ಫೋಟೊ ಕಿಟಕಿಯಿಂದಲೇ ತೆಗೆಯಿರಿ, ಎದುರು ನಿಂತು ಜಗಳಕ್ಕಿಳಿಯಬೇಡಿ.