ರೋಮನ್ ರಸ್ತೆ ನೀರಿಗೆ ಜಗ್ಗಲಿಲ್ಲ ಎಂದವರು ಯಾರು?

ಪ್ರಶ್ನೆ: ರೋಮನ್ನರ ರಸ್ತೆಗಳು 2000 ವರ್ಷದ ಮಳೆಗೂ ಜಗ್ಗಿಲ್ಲ. ಆ ಕಲ್ಲಿನ ಗುಟ್ಟೇನು?

ಎಲ್ಲರೂ ಕಲ್ಲನ್ನೇ ಕೇಳುತ್ತಾರೆ, ಚರಂಡಿಯನ್ನು ಯಾರೂ ಕೇಳುವುದಿಲ್ಲ. ನನಗೆ ಬೇಜಾರಾಗುವುದು ಅಲ್ಲೇ. ಜಗ್ಗಿಲ್ಲ ಅನ್ನುವುದೇ ತಪ್ಪು. ಕ್ರಿ.ಪೂ. 312ರಲ್ಲಿ ಶುರುವಾದ ಅಪ್ಪಿಯನ್ ರಸ್ತೆಯನ್ನೇ ನೋಡಿ. ರೋಮ್‌ನಿಂದ ದಕ್ಷಿಣಕ್ಕೆ ಹೋದರೆ ಪೊಂಟೈನ್ ಜೌಗು ಸಿಗುತ್ತದೆ. ಕ್ರಿ.ಪೂ. 37ರಲ್ಲಿ ಕವಿ ಹೊರೇಸ್ ಇಲ್ಲಿ ರಸ್ತೆ ಬಿಟ್ಟು ಪಕ್ಕದ ಕಾಲುವೆಯಲ್ಲಿ, ಹೇಸರಗತ್ತೆ ಎಳೆಯುವ ದೋಣಿಯಲ್ಲಿ, ರಾತ್ರಿ ಸೊಳ್ಳೆ ಕಚ್ಚಿಸಿಕೊಂಡು ಹೋದ. ಮುಂದೆ ಟ್ರಾಜನ್ ಚಕ್ರವರ್ತಿ ಈ ಭಾಗಕ್ಕೆ ಕಲ್ಲು ಹಾಸಿಸಿದ. ಆದರೂ ಕ್ರಿ.ಶ. 6ನೇ ಶತಮಾನದ ಹೊತ್ತಿಗೆ ಎರಡೂ ಕಡೆಯ ಜೌಗು ನೀರು ನುಗ್ಗಿ ರಸ್ತೆ ಮುಳುಗಿತ್ತು. ಆಗ ಇಟಲಿ ಆಳುತ್ತಿದ್ದ ಥಿಯೊಡೊರಿಕ್ ರಾಜನ ಕಾಲದಲ್ಲಿ ಆ ನೀರು ಬಸಿದು ಹೊರಹಾಕಿದ್ದನ್ನು ಅದೇ ರಸ್ತೆಯ ಟೆರ್ರಚೀನಾ ಊರಿನ ಶಾಸನ ಹೇಳುತ್ತದೆ. ಕೆಲವೇ ದಶಕಗಳ ಬಳಿಕ ಇತಿಹಾಸಕಾರ ಪ್ರೊಕೋಪಿಯಸ್ ಇದೇ ರಸ್ತೆಯ ಕಲ್ಲುಗಳು ಸಂದು ಬಿಡದೆ, ಒಡೆಯದೆ ಕೂತಿರುವುದನ್ನು ಹೊಗಳಿ ಬರೆದ. ಕಲ್ಲು ಗಟ್ಟಿಯೇ, ಅಲ್ವಾ? ಮುಳುಗುವುದನ್ನು ಅದು ತಪ್ಪಿಸಲಿಲ್ಲ.

ನೀರಿನ ಕೆಲಸ ಇರುವುದು ಅಡಿಯಲ್ಲಿ. ಅಪ್ಪಿಯನ್ ರಸ್ತೆಯ ಕಪ್ಪು ಕಲ್ಲು ಸುಲಭಕ್ಕೆ ಸವೆಯುವುದಿಲ್ಲ, ನೀರು ಸಂದಿಯಲ್ಲಿ ಇಳಿಯುತ್ತದೆ. ಕೆಳಗೆ ಜೇಡಿಮಣ್ಣಿದ್ದರೆ ಮೆತ್ತಗಾಗುತ್ತದೆ. ಗಾಡಿ ಹತ್ತಿದಾಗ ಕಲ್ಲಿನ ಒಂದು ಮೂಲೆ ಬೆರಳಷ್ಟು ತಗ್ಗುತ್ತದೆ, ಮುಂದಿನ ಚಕ್ರ ಪಕ್ಕದ ಕಲ್ಲಿನ ಅಂಚಿಗೆ ಗುದ್ದುತ್ತದೆ, ಸಂದು ಅಗಲವಾಗುತ್ತದೆ, ಇನ್ನಷ್ಟು ನೀರು ಇಳಿಯುತ್ತದೆ. ಇದು ಗೊತ್ತಿದ್ದೇ ಅವರು ತಗ್ಗಿನಲ್ಲಿ ಒಡ್ಡು ಕಟ್ಟಿ ರಸ್ತೆ ಎತ್ತರಿಸುತ್ತಿದ್ದರು, ನಡುಭಾಗ ಉಬ್ಬಿಸಿ ಬದಿಗೆ ಚರಂಡಿ ತೋಡುತ್ತಿದ್ದರು. ದುರಸ್ತಿಯೂ ನಡೆಯುತ್ತಲೇ ಇತ್ತು. ಸುಮ್ನೆ ಹೇಳುತ್ತಿಲ್ಲ, ಯಾವ ಚಕ್ರವರ್ತಿ ರಿಪೇರಿ ಮಾಡಿಸಿದ ಅಂತ ಎಷ್ಟೋ ಮೈಲಿಗಲ್ಲುಗಳ ಮೇಲೆ ಕೆತ್ತಿದೆ. ನೋಡುವವರಿಲ್ಲದೆ ಚರಂಡಿ ಹೂಳು ತುಂಬಿದ ಕಡೆ ರಸ್ತೆಯೂ ಹೋಯಿತು. ನಾವು ಫೋಟೋದಲ್ಲಿ ನೋಡುವುದು ಉಳಿದ ತುಂಡುಗಳನ್ನು ಮಾತ್ರ.

ಪ್ರಶ್ನೆ: ಎಲ್ಲ ರೋಮನ್ ರಸ್ತೆಗೂ ಕಲ್ಲು, ಜಲ್ಲಿಗಳ ನಾಲ್ಕು ಪದರ ಇತ್ತೇ?

ಇಲ್ಲ. ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್ ಕಟ್ಟಡದ ನೆಲಕ್ಕೆ ಹೇಳಿದ್ದ ಪದರಗಳನ್ನು 1622ರಲ್ಲಿ ಫ್ರಾನ್ಸಿನ ವಿದ್ವಾಂಸ ಬೆರ್ಜಿಯೆ ರಸ್ತೆಗೆ ಅಂಟಿಸಿದ. ಬರೀ ಜಲ್ಲಿ ಹಾಕಿದ ರಸ್ತೆಗಳೇ ಜಾಸ್ತಿ.

ಪ್ರಶ್ನೆ: 'ರೋಮನ್ ಕಾಂಕ್ರೀಟ್' ಪುಡಿ ಮಾರುತ್ತಾರೆ, ಮನೆ ಮುಂದಿನ ರಸ್ತೆಗೆ ಹಾಕಿಸಲೇ?

ಒಂದು ರೂಪಾಯಿಯನ್ನೂ ಕೊಡಬೇಡಿ. ಕಾಂಕ್ರೀಟ್ ಅವರ ಬಂದರು, ಗುಮ್ಮಟಗಳ ಕತೆ, ರಸ್ತೆಯದ್ದಲ್ಲ. ಮೊದಲು ಗೇಟಿನ ಮುಂದೆ ಚರಂಡಿಗೆ ಮುಚ್ಚಿದ ಚಪ್ಪಡಿ ಎತ್ತಿಸಿ, ಹೂಳು ತೆಗೆಸಿ.