ಮೆಂಟರ್ ಭೇಟಿ ಬರೀ ಹರಟೆಯಾಗುತ್ತಿದ್ದರೆ

ಸಂಶೋಧನೆಯಲ್ಲಿ ಸಲಹೆ ಕೊಡಲು ಮೆಂಟರ್ (ಅನುಭವಿ ಹಿರಿಯರು) ಸಿಕ್ಕಿದ್ದಾರೆ, ಆದರೆ ಪ್ರತಿ ಭೇಟಿಯೂ ‘ಕೆಲಸ ಹೇಗಿದೆ’ಯಲ್ಲೇ ಮುಗಿಯುತ್ತಿದೆ ಅಂದಿದ್ದೀರಿ. ಚರ್ಚೆಯ ವಿಷಯ ಅವರು ತರಲಿ ಅಂತ ನೀವು, ನೀವೇ ಕೇಳಲಿ ಅಂತ ಅವರು ಕಾಯುತ್ತಾ ಕೂತರೆ ಆಗುವುದೇ ಇದು. ಭೇಟಿಗೆ ಎರಡು ದಿನ ಮೊದಲು ಐದಾರು ಸಾಲಿನ ಮೇಲ್ ಹಾಕಿ: ಕಳೆದ ಸಲ ಒಪ್ಪಿಕೊಂಡದ್ದು ಏನಾಯಿತು, ಈಗ ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ, ಯಾವ ನಿರ್ಧಾರಕ್ಕೆ ಸಲಹೆ ಬೇಕು. ‘ಪೇಪರ್ ಹೇಗೆ ಬರೆಯಲಿ’ ಅಂದರೆ ಉಪದೇಶ ಸಿಗುತ್ತದೆ. ‘ಜರ್ನಲ್‌ಗಾಗಿ ಪೇಪರ್ ಪರಿಶೀಲಿಸಿದ ಎರಡನೇ ರಿವ್ಯೂವರ್ ಕೇಳಿದ ಪ್ರಯೋಗ ಮಾಡಲೇ, ಇಲ್ಲಾ ಅದನ್ನು ಅಧ್ಯಯನದ ಮಿತಿ ಅಂತ ಬರೆದುಬಿಡಲೇ?’ ಎಂದು ಆ ಕಾಮೆಂಟ್ ಸಮೇತ ಕಳಿಸಿ, ಉತ್ತರ ಸಿಗುತ್ತದೆ. ಮುಂದಿನ ತಾರೀಖು ಗೊತ್ತು ಮಾಡದೆ ಏಳಬೇಡಿ. ಎದ್ದರೆ ಎರಡು ತಿಂಗಳು ಹಾಗೇ ಜಾರುತ್ತದೆ. ಗೈಡ್ (ನಿಮ್ಮ ಸಂಶೋಧನೆಯ ಅಧಿಕೃತ ಮಾರ್ಗದರ್ಶಕರು) ಜೊತೆಗಿನ ತಕರಾರು ಮೆಂಟರ್ ಮುಂದೆ ಬಿಚ್ಚುವ ಮುನ್ನ, ಮಾತು ಇಬ್ಬರಲ್ಲೇ ಉಳಿಯುತ್ತದೆಯೇ ಅಂತ ಅವರನ್ನೇ ಕೇಳಿಕೊಳ್ಳಿ. ನಿಮ್ಮ ಮೌಲ್ಯಮಾಪನ ಸಮಿತಿಯಲ್ಲೂ ಈ ಮೆಂಟರೇ ಇದ್ದರಂತೂ ಬೇರೆ ಮೆಂಟರ್ ಕೇಳುವುದೇ ವಾಸಿ.